ಮೂರು ಸಲ ಕೆಟ್ಟ ಎಡಗಡೆಯ ಆರ್ಮ್: ಅಡಿಕೆ ತೋಟದ ಮಿನಿ ಟ್ರ್ಯಾಕ್ಟರಿನ ಒಂದು ಪ್ರಕರಣ

ಹಿನ್ನೆಲೆ

ದಾವಣಗೆರೆ ಮತ್ತು ಶಿವಮೊಗ್ಗದ ನಡುವಿನ ಭದ್ರಾ ನಾಲೆ ಸೀಮೆಯಲ್ಲಿ ಒಂದು ಕಾಲಕ್ಕೆ ಭತ್ತ ಬೆಳೆಯುತ್ತಿದ್ದ ಎಷ್ಟೋ ಗದ್ದೆಗಳು ಈಗ ಅಡಿಕೆ ತೋಟಗಳಾಗಿವೆ. ಈ ಪ್ರಕರಣ ನಡೆದದ್ದು ಅಂಥದ್ದೊಂದು ತೋಟದಲ್ಲಿ. ಊರು, ರೈತರು, ಟ್ರ್ಯಾಕ್ಟರ್ ಕಂಪನಿ ಯಾವುದನ್ನೂ ಇಲ್ಲಿ ಹೆಸರಿಸುವುದಿಲ್ಲ. ರೈತರನ್ನು ಯಜಮಾನರು ಎಂದೂ, ಟ್ರ್ಯಾಕ್ಟರ್ ಓಡಿಸುವ ಹುಡುಗನನ್ನು ಡ್ರೈವರ್ ಎಂದೂ ಕರೆಯುತ್ತೇನೆ. ಗುರುತು ಸಿಗಬಾರದೆಂದು ಒಂದೆರಡು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ಮುರಿದದ್ದು, ಬಾಗಿದ್ದು, ಅದಕ್ಕೆ ಕಾರಣ ಎಲ್ಲ ಇದ್ದ ಹಾಗೇ ಇದೆ.

ಟ್ರ್ಯಾಕ್ಟರು 24 ಎಚ್‌ಪಿಯದು, ನಾಲ್ಕು ಚಕ್ರವೂ ಎಳೆಯುವಂಥದ್ದು. ಹಿಂದೆ ನಾಲ್ಕು ಅಡಿಯ ರೋಟವೇಟರ್, ಅಂದರೆ ತಿರುಗುವ ಬ್ಲೇಡುಗಳಿಂದ ಮಣ್ಣು ಕೊಚ್ಚುವ ಉಪಕರಣ. ತೋಟದಲ್ಲಿ ಗಿಡದಿಂದ ಗಿಡಕ್ಕೆ 9 ಅಡಿ. ಸಾಲಿನ ನಡುವೆ ಓಡಾಡಲು ಜಾಗ ಸಾಕು. ತೊಂದರೆ ಇರುವುದು ಸಾಲು ಮುಗಿಯುವ ಕಡೆ. ಪಶ್ಚಿಮಕ್ಕೆ ಗಾಡಿ ದಾರಿ ಇದೆ, ಆರಾಮಾಗಿ ತಿರುಗಿಸಬಹುದು. ಪೂರ್ವದಲ್ಲಿ ಕೊನೆಯ ಅಡಿಕೆ ಗಿಡವಾದ ಮೇಲೆ ಒಂದು ಸಾಲು ಬಾಳೆ, ಆಮೇಲೆ ಹಳೇ ಗದ್ದೆಯ ಬದು, ಅದರಾಚೆ ಬಸಿಗಾಲುವೆ. ಅಲ್ಲಿ ಉಳಿದದ್ದು ಆರಡಿಯಷ್ಟು ಜಾಗ ಮಾತ್ರ.

ಟ್ರ್ಯಾಕ್ಟರ್ ಹಿಂದೆ ಉಪಕರಣವನ್ನು ಹಿಡಿದಿರುವ ಕೆಳಗಿನ ಎರಡು ಆರ್ಮ್‌ಗಳಲ್ಲಿ, ಅಂದರೆ ಲೋಯರ್ ಲಿಂಕ್‌ಗಳಲ್ಲಿ, ಎಡಗಡೆಯದು ಬಾಗುತ್ತಿತ್ತು. ಒಂದೂವರೆ ವರ್ಷದಲ್ಲಿ ಅದೇ ಕಡೆ ಮೂರು ಸಲ ಕೆಟ್ಟಿತು. ನನ್ನ ಗ್ಯಾರೇಜಿಗೆ ಬಂದದ್ದು ಮೂರನೇ ಸಲ ಕೆಟ್ಟ ಮೇಲೆ.

ಮೊದಲ ಎರಡು ರಿಪೇರಿ

ಮೊದಲ ಸಲ ಬಾಗಿದಾಗ ಹತ್ತಿರದ ವೆಲ್ಡಿಂಗ್ ಶಾಪಿನಲ್ಲಿ ಗ್ಯಾಸ್ ಹಚ್ಚಿ, ಕೆಂಪಗೆ ಕಾಯಿಸಿ, ಸುತ್ತಿಗೆಯಲ್ಲಿ ಬಡಿದು ನೇರ ಮಾಡಿಸಿದ್ದರು. ನೇರವಾದ ಕೂಡಲೇ ಬಕೆಟ್ ನೀರು ಸುರಿದು ತಣಿಸಿದ್ದರು. ಹಳ್ಳಿ ಕಡೆ ಇದು ಸಾಮಾನ್ಯ. ಆದರೆ ಲೋಯರ್ ಲಿಂಕ್ ಮೆತ್ತನೆಯ ಕಬ್ಬಿಣದ ಪಟ್ಟಿಯಲ್ಲ. ಸಾಮಾನ್ಯವಾಗಿ ಅದು ಇಂಗಾಲದ ಅಂಶ ಜಾಸ್ತಿ ಇರುವ ಉಕ್ಕು, ಕಂಪನಿಯಲ್ಲಿ ಹದ ಕೊಟ್ಟು ತಯಾರಿಸಿದ್ದು. ಕೆಂಪಗೆ ಕಾಯಿಸಿದರೆ ಆ ಹದ ಹೋಗುತ್ತದೆ. ಮೇಲೆ ನೀರು ಹಾಕಿದರೆ ಆ ಜಾಗ ಗಡುಸಾಗಿ ಪೆಡಸಾಗುತ್ತದೆ. ಅದರ ಅಕ್ಕಪಕ್ಕ ಕಾವು ಅರ್ಧ ತಟ್ಟಿದ ಭಾಗ ಮೆತ್ತಗಾಗುತ್ತದೆ. ಹೀಗೆ ಒಂದೇ ಆರ್ಮಿನಲ್ಲಿ ಗಡಸು, ಮೆತ್ತನೆ ಎರಡೂ ಅಂಟಿಕೊಂಡಿರುತ್ತವೆ. ಈ ಆರ್ಮ್ ಮುಂದಿನ ಮುಂಗಾರಿನಲ್ಲಿ ಮತ್ತೆ ಬಾಗಿತು. ಬಾಗಿದ ಜಾಗದಲ್ಲಿ ಕೂದಲಿನಷ್ಟು ಸಣ್ಣ ಬಿರುಕೂ ಕಂಡಿತು.

ಎರಡನೇ ಸಲ ಯಜಮಾನರು ಬೇಸತ್ತು, "ಇನ್ನು ಜನ್ಮದಲ್ಲಿ ಬಾಗಬಾರದು, ಅಂಥದ್ದು ಮಾಡಿಕೊಡಪ್ಪ" ಎಂದು ಇನ್ನೊಂದು ಶಾಪಿನವರಿಗೆ ಹೇಳಿದರು. ಅವರು 16 ಮಿಲಿಮೀಟರ್ ದಪ್ಪದ ಮೂಲ ಆರ್ಮ್ ಬಿಟ್ಟು, 25 ಮಿಲಿಮೀಟರ್ ದಪ್ಪದ ಪಟ್ಟಿಯಲ್ಲಿ ಹೊಸದು ಮಾಡಿದರು. ಎರಡು ತುದಿಗೂ ಅಂಗಡಿಯಲ್ಲಿ ಸಿಗುವ ಬಾಲ್, ಅಂದರೆ ಪಿನ್ ತೂರುವ ತೂತಿರುವ ಗುಂಡು, ತಂದು ವೆಲ್ಡ್ ಮಾಡಿದರು.

ಇಲ್ಲಿ ಎರಡು ವಿಷಯ ಗಮನಿಸಬೇಕು. ಪಟ್ಟಿ ಪಕ್ಕಕ್ಕೆ ಬಾಗುವುದನ್ನು ತಡೆಯುವ ಶಕ್ತಿ ಅದರ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತದೆ. 16ರಿಂದ 25ಕ್ಕೆ ಹೋದರೆ ಶಕ್ತಿ ಸುಮಾರು ಎರಡೂವರೆ ಪಟ್ಟು ಆಗುತ್ತದೆ. ಅಂದರೆ ಆರ್ಮ್ ನಿಜಕ್ಕೂ ಗಟ್ಟಿಯಾಗಿತ್ತು. ಎರಡನೆಯದು, ಹಿಂದಿನ ತುದಿಗೆ ಹಾಕಿದ ಬಾಲ್ ದೊಡ್ಡ ಟ್ರ್ಯಾಕ್ಟರಿನದು. ಮಿನಿ ಟ್ರ್ಯಾಕ್ಟರಿನ ಉಪಕರಣಗಳು ಜೋಡಣೆಯ ಅಳತೆಯಲ್ಲಿ ಒಂದನೇ ಕೆಟಗರಿಯವು, ಅವುಗಳ ಕೆಳಗಿನ ಪಿನ್ 22 ಮಿಲಿಮೀಟರ್. ಎರಡನೇ ಕೆಟಗರಿಯ ಪಿನ್ 28 ಮಿಲಿಮೀಟರಿನದು. ಬುಷ್ ಹಾಕದೆ ಸಣ್ಣ ಪಿನ್ನನ್ನು ದೊಡ್ಡ ತೂತಿಗೆ ಸಿಕ್ಕಿಸಿದ್ದರಿಂದ ಆರು ಮಿಲಿಮೀಟರ್ ಆಟ ಉಳಿಯಿತು. ರೋಟವೇಟರ್ ಒಂದೊಂದು ಸಲ ಜಗ್ಗಿದಾಗಲೂ ಅಲ್ಲಿ ಸುತ್ತಿಗೆ ಪೆಟ್ಟು ಬಿದ್ದಂತಾಗುತ್ತಿತ್ತು.

ಆರ್ಮ್ ಬಾಗಲಿಲ್ಲ, ಮಾತು ಉಳಿಯಿತು. ಆದರೆ ಆರ್ಮ್ ಮುಂದುಗಡೆ ಕೂರುವ ಬ್ರಾಕೆಟ್ಟಿನ ಒಂದು ಬೋಲ್ಟ್ ತುಂಡಾಯಿತು. ಇನ್ನೊಂದು ಎಳೆದುಕೊಂಡು ಉದ್ದವಾಯಿತು. ಹಿಂದಿನ ಆಕ್ಸಲ್ ಹೌಸಿಂಗ್‌ನಲ್ಲಿ ಆ ಬೋಲ್ಟ್ ಕೂರುವ ತೂತಿನ ಮರೆ, ಅಂದರೆ ಥ್ರೆಡ್, ಕಿತ್ತು ಬಂದಿತ್ತು.

ಗ್ಯಾರೇಜಿಗೆ ಬಂದಾಗ

ಯಜಮಾನರು ಬಂದವರೇ ಕೇಳಿದ್ದು ಒಂದೇ: "ಬ್ರಾಕೆಟ್ಟನ್ನ ಹೌಸಿಂಗಿಗೇ ವೆಲ್ಡ್ ಹೊಡೆದುಬಿಡಿ."

ನಾನು ಒಪ್ಪಲಿಲ್ಲ. ಹೌಸಿಂಗ್ ಎರಕದ ಕಬ್ಬಿಣ. ಅದರೊಳಗೆ ಬೇರಿಂಗ್, ಆಯಿಲ್ ಸೀಲ್ ಎಲ್ಲ ಇವೆ. ಎರಕಕ್ಕೆ ವೆಲ್ಡ್ ಹಿಡಿಸುವುದೇ ಕಷ್ಟ. ಹಿಡಿದರೂ ಪಕ್ಕದಲ್ಲಿ ಬಿರುಕು ಬರುತ್ತದೆ. ಮುಂದಿನ ಸಲ ಹೌಸಿಂಗೇ ಸೀಳಿದರೆ ಆಗುವ ಖರ್ಚಿನಲ್ಲಿ ಹತ್ತಾರು ಆರ್ಮ್ ಕೊಳ್ಳಬಹುದು. ಈ ತೀರ್ಮಾನವೇ ಪ್ರಕರಣದ ಮೊದಲ ತಿರುವು. ಅಲ್ಲಿಯವರೆಗೆ ಎಲ್ಲರೂ ಕೇಳಿದ್ದು "ಯಾವುದು ಮುರಿಯಿತು, ಅದನ್ನು ಹೇಗೆ ಗಟ್ಟಿ ಮಾಡುವುದು" ಎಂದು. ಆರ್ಮನ್ನು ಪಕ್ಕಕ್ಕೆ ತಳ್ಳುತ್ತಿರುವುದು ಏನು ಎಂದು ಯಾರೂ ಕೇಳಿರಲಿಲ್ಲ.

ಅದೃಷ್ಟಕ್ಕೆ ಯಜಮಾನರು ಹಳೇ ಬಾಗಿದ ಆರ್ಮನ್ನು ಗುಜರಿಗೆ ಹಾಕಿರಲಿಲ್ಲ. ಬಾಗಿದ ಆರ್ಮನ್ನು ದಯವಿಟ್ಟು ಯಾರೂ ಎಸೆಯಬೇಡಿ. ಏನು ನಡೆಯಿತು ಎಂಬುದು ಅದರ ಮೈಮೇಲೆ ಬರೆದಿರುತ್ತದೆ. ಆರ್ಮನ್ನು ಮೇಲೆತ್ತುವ ಲಿಫ್ಟ್ ರಾಡ್ ಸೇರುವ ತೂತಿನ ಹತ್ತಿರ ಮೇಲೆ ಕೆಳಗೆ ಬಾಗಿದ್ದರೆ, ಭಾರದ ಉಪಕರಣ ಎತ್ತಿಕೊಂಡು ಗುಂಡಿ ರಸ್ತೆಯಲ್ಲಿ ಜೋರಾಗಿ ಓಡಿಸಿರಬಹುದು. ನಡುವೆ ಬಿಲ್ಲಿನಂತೆ ಬಾಗಿದ್ದರೆ ಹಿಂದಿನಿಂದ ತಳ್ಳಿಸಿಕೊಂಡಿರಬಹುದು. ರಿವರ್ಸ್ ತೆಗೆಯುವಾಗ ಉಪಕರಣ ಬದುವಿಗೋ ಮರಕ್ಕೋ ಒತ್ತಿದರೆ ಹೀಗಾಗುತ್ತದೆ. ಒಂದೇ ಕಡೆ ಪಕ್ಕಕ್ಕೆ ತಿರುಚಿದ್ದರೆ ಅಡ್ಡ ಜಗ್ಗಾಟ ಎಂದು ಅನುಮಾನಪಡಬೇಕು.

ನೂಲು ಹಿಡಿದು ನೋಡಿದೆವು. ನಡುಭಾಗದವರೆಗೆ ಆರ್ಮ್ ನೇರವಾಗಿತ್ತು, ಅಲ್ಲಿಂದ ಹಿಂದಕ್ಕೆ ಹೊರಗಡೆಗೆ ಬಾಗಿತ್ತು. ಬಾಗು ಶುರುವಾದ ಕಡೆ ಬಣ್ಣ ಹೋಗಿ ಫಳಫಳ ಹೊಳೆಯುತ್ತಿತ್ತು. ಎಡ ಟೈರಿನ ಒಳಮೈ ಮೇಲೆ ಅದೇ ಎತ್ತರದಲ್ಲಿ ತಿಕ್ಕಿದ ಗೆರೆ ಇತ್ತು. ಅಂದರೆ ಆರ್ಮ್ ಹೊರಕ್ಕೆ ಸರಿದು ಟೈರಿಗೆ ಒತ್ತಿದೆ. ಟೈರು ಅಲ್ಲೇ ತಡೆದಿದೆ, ಹಿಂದಿನ ತುದಿ ಇನ್ನೂ ಹೊರಕ್ಕೆ ಹೋಗಿದೆ.

ಆರ್ಮ್ ಟೈರಿನವರೆಗೆ ಹೋಗುವ ಹಾಗೇ ಇಲ್ಲ. ಅದನ್ನು ತಡೆಯಲೆಂದೇ ಚೆಕ್ ಚೈನ್ ಇರುವುದು. ಎಡಗಡೆಯ ಚೈನ್ ನೋಡಿದರೆ ನಡುವೆ ಒಂದು ಡಿ ಶಾಕಲ್ ಸೇರಿಸಿ ಉದ್ದ ಮಾಡಲಾಗಿತ್ತು.

"ಯಾಕಪ್ಪಾ ಇದನ್ನ ಹಾಕಿದೆ?" ಎಂದು ಡ್ರೈವರನ್ನು ಕೇಳಿದೆ.

"ಅಣ್ಣಾ, ಎತ್ತಿದಾಗ ಚೈನು ಬಿಗಿದುಕೊಂಡು ಫಟ್ ಅಂತಿತ್ತು. ಮುರಿದುಹೋಗುತ್ತೆ ಅಂತ ಸಡಿಲ ಮಾಡಿದೆ."

ಅವನು ಹೇಳಿದ್ದು ನಿಜ. ಚೈನಿನ ಮುಂದಿನ ಕೊಂಡಿಯೂ ಆರ್ಮ್ ತಿರುಗುವ ಪಿನ್ನೂ ಒಂದೇ ನೇರದಲ್ಲಿ ಇಲ್ಲದಿದ್ದರೆ, ಆರ್ಮ್ ಮೇಲೆ ಕೆಳಗೆ ಆಡುವಾಗ ಚೈನಿನ ಬಿಗಿ ಬದಲಾಗುತ್ತದೆ. ಈ ಟ್ರ್ಯಾಕ್ಟರಿನಲ್ಲಿ ಎತ್ತಿದಾಗ ಬಿಗಿಯುತ್ತಿತ್ತು. ರೋಟವೇಟರ್ ನೆಲದ ಮೇಲಿದ್ದಾಗ ಚೈನನ್ನು ಪೂರ್ತಿ ಬಿಗಿ ಮಾಡಿದ್ದರು. ಹಾಗಾಗಿ ಎತ್ತಿದಾಗ ಅದಕ್ಕೆ ಜಾಗವೇ ಇರಲಿಲ್ಲ. ಹುಡುಗ ಕಂಡ ತೊಂದರೆಗೆ ತನಗೆ ತಿಳಿದ ಪರಿಹಾರ ಮಾಡಿದ್ದ. ಅವನನ್ನು ಬೈಯುವಂಥದ್ದು ಇದರಲ್ಲಿ ಏನೂ ಇಲ್ಲ.

ತೋಟದಲ್ಲಿ ಕಂಡದ್ದು

ಚೈನ್ ಸಡಿಲ ಇದ್ದದ್ದು ಸರಿ. ಆದರೆ ಎಡಗಡೆಯದೇ ಯಾಕೆ? ಅಷ್ಟೊಂದು ಅಡ್ಡ ಒತ್ತಡ ಎಲ್ಲಿಂದ? ಇದಕ್ಕೆ ಉತ್ತರ ಗ್ಯಾರೇಜಿನಲ್ಲಿ ಸಿಗುವಂಥದ್ದಲ್ಲ. ತಾತ್ಕಾಲಿಕವಾಗಿ ಬ್ರಾಕೆಟ್ ಕೂರಿಸಿ ತೋಟಕ್ಕೆ ಹೋದೆವು. ರೋಟವೇಟರನ್ನು ಖಾಲಿ ತಿರುಗಿಸುತ್ತಾ, ಡ್ರೈವರ್ ದಿನಾ ಹೇಗೆ ಓಡಿಸುತ್ತಾನೋ ಹಾಗೇ ನಿಧಾನವಾಗಿ ಓಡಿಸಲು ಹೇಳಿ, ದೂರ ನಿಂತು ನೋಡಿದೆವು.

ಅವನು ಯಾವಾಗಲೂ ಗೇಟಿನ ಮೂಲೆಯಿಂದ ಶುರು ಮಾಡಿ ಸಾಲಿಂದ ಪಕ್ಕದ ಸಾಲಿಗೆ ಹೋಗುತ್ತಿದ್ದ. ಹೀಗಾಗಿ ಪೂರ್ವದ ಇಕ್ಕಟ್ಟಾದ ತುದಿಯಲ್ಲಿ ಪ್ರತಿ ಸಲವೂ ಎಡಕ್ಕೇ ತಿರುಗಬೇಕು, ಅದೂ ಒಂದು ಕಡೆಯ ಚಕ್ರದ ಬ್ರೇಕ್ ಮಾತ್ರ ಒತ್ತಿ ಗಕ್ಕನೆ. ತಿರುಗುವಾಗ ರೋಟವೇಟರನ್ನು ಪೂರ್ತಿ ಎತ್ತುತ್ತಿರಲಿಲ್ಲ. ಬ್ಲೇಡು ಇನ್ನೂ ನಾಲ್ಕು ಬೆರಳು ಮಣ್ಣಿನಲ್ಲಿರುವ ಎತ್ತರಕ್ಕೇ ಲಿವರ್ ನಿಲ್ಲಿಸುತ್ತಿದ್ದ.

ಟ್ರ್ಯಾಕ್ಟರ್ ಎಡಕ್ಕೆ ತಿರುಗಿದರೆ ಹಿಂದಿನ ಉಪಕರಣ ಬಲಕ್ಕೆ ಬೀಸುತ್ತದೆ. ಬ್ಲೇಡು ಮಣ್ಣಿನಲ್ಲಿದ್ದರೆ ಮಣ್ಣು ಅದನ್ನು ಬೀಸಲು ಬಿಡುವುದಿಲ್ಲ, ಎಡಕ್ಕೆ ತಳ್ಳುತ್ತದೆ. ಎಡ ಚೈನ್ ಸಡಿಲ. ಆರ್ಮ್ ಹೋಗಿ ಟೈರಿಗೆ ಒರಗುತ್ತದೆ. ಹಳೇ ಆರ್ಮಿನ ಮೇಲಿದ್ದ ಗುರುತಿಗೂ ಇದಕ್ಕೂ ಸರಿಯಾಗಿ ತಾಳೆಯಾಯಿತು.

ಯಾಕೆ ಪೂರ್ತಿ ಎತ್ತುವುದಿಲ್ಲ ಎಂದು ಕೇಳಿದಾಗ ಬಂದ ಉತ್ತರ ನನಗೆ ಬಹಳ ಮುಖ್ಯ ಅನ್ನಿಸಿತು. "ಪೂರ್ತಿ ಎತ್ತಿದ್ರೆ ಶಾಫ್ಟು ಬಡ್ಕೊಳ್ಳುತ್ತೆ ಅಣ್ಣಾ. ಪ್ರತಿ ಸಾಲಿಗೂ ಪಿಟಿಒ ಆಫ್ ಮಾಡಿ ಆನ್ ಮಾಡ್ತಾ ಕೂತ್ರೆ ಕೆಲಸ ಸಾಗಲ್ಲ."

ಪಿಟಿಒ ಅಂದರೆ ಎಂಜಿನ್ನಿನ ತಿರುಗುವ ಶಕ್ತಿಯನ್ನು ಹಿಂದಿನ ಉಪಕರಣಕ್ಕೆ ಕೊಡುವ ಜೋಡಣೆ. ಅದು ತಿರುಗುತ್ತಿರುವಾಗಲೇ ರೋಟವೇಟರನ್ನು ಮೇಲಕ್ಕೆ ಎತ್ತಿದರೆ ನಡುವಿನ ಶಾಫ್ಟಿನ ಎರಡು ಕಡೆಯ, ಓರೆಯಾಗಿಯೂ ತಿರುಗುವ ಯುನಿವರ್ಸಲ್ ಜಾಯಿಂಟ್‌ಗಳ ಕೋನ ಜಾಸ್ತಿಯಾಗಿ ಬಡಿದಾಡುತ್ತವೆ. ಹುಡುಗನಿಗೆ ಆ ಸದ್ದು ಭಯ ಹುಟ್ಟಿಸಿತ್ತು. ಶಾಫ್ಟ್ ಉಳಿಸಲು ಹೋಗಿ ಅವನು ಆರ್ಮನ್ನು ಬಲಿ ಕೊಡುತ್ತಿದ್ದ, ಅದೂ ತಿಳಿಯದೆ. ಕಿವಿಗೆ ಬೀಳುವ ತೊಂದರೆಗೆ ಎಲ್ಲರೂ ಓಗೊಡುತ್ತಾರೆ. ಸದ್ದಿಲ್ಲದೆ ಬಾಗುವ ಉಕ್ಕು ಯಾರ ಗಮನಕ್ಕೂ ಬರುವುದಿಲ್ಲ.

ಇನ್ನೂ ಒಂದು ಸಂಗತಿ ಅಲ್ಲೇ ಸಿಕ್ಕಿತು. ಆ ಶಾಫ್ಟಿನಲ್ಲಿ ಶಿಯರ್ ಬೋಲ್ಟ್ ಇರಬೇಕಾದ ಜಾಗದಲ್ಲಿ ತಲೆಯ ಮೇಲೆ 10.9 ಎಂದು ಬರೆದಿದ್ದ ಗಟ್ಟಿ ಬೋಲ್ಟ್ ಇತ್ತು. ಶಿಯರ್ ಬೋಲ್ಟ್ ಇರುವುದೇ ಮುರಿಯಲು. ಬ್ಲೇಡು ಬೇರಿಗೋ ಕಲ್ಲಿಗೋ ಸಿಕ್ಕಿದರೆ ಅದು ತುಂಡಾಗಿ ಉಳಿದೆಲ್ಲವನ್ನೂ ಕಾಪಾಡಬೇಕು. ಪದೇ ಪದೇ ತುಂಡಾಗುತ್ತದೆ ಎಂದು ಯಾರೋ ಗಟ್ಟಿಯದನ್ನು ಹಾಕಿದ್ದರು. ತೋಟದಲ್ಲಿ ಹಿಂದೆ ಕಡಿದ ತೆಂಗಿನ ಬುಡಗಳು ಮಣ್ಣಿನೊಳಗೆ ಹಾಗೇ ಇದ್ದವು. ಬ್ಲೇಡು ಬುಡಕ್ಕೆ ಸಿಕ್ಕಿದಾಗ ಬೋಲ್ಟ್ ಮುರಿಯದೆ ಇಡೀ ರೋಟವೇಟರ್ ಜಿಗಿದು ಟ್ರ್ಯಾಕ್ಟರನ್ನು ಮುಂದಕ್ಕೆ ಒದೆಯುತ್ತಿತ್ತು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಇದು ಬಹಳ ಜನರಿಗೆ ಗೊತ್ತಿಲ್ಲ. ಕೆಳಗೆ ಎರಡು ಆರ್ಮ್, ಮೇಲೆ ಒಂದು ಟಾಪ್ ಲಿಂಕ್, ಹೀಗೆ ಮೂರು ಕೊಂಡಿಯ ಈ ಜೋಡಣೆಯನ್ನು ಬಳಕೆಗೆ ತಂದವರು ಹ್ಯಾರಿ ಫರ್ಗ್ಯುಸನ್. 1939ರಲ್ಲಿ ಹೆನ್ರಿ ಫೋರ್ಡ್ ಜೊತೆ ಸೇರಿ ಹೊರತಂದ 9ಎನ್ ಟ್ರ್ಯಾಕ್ಟರಿನಿಂದ ಅದು ಲೋಕಕ್ಕೆಲ್ಲ ಹರಡಿತು. ಅವರ ಮನಸ್ಸಿನಲ್ಲಿ ಇದ್ದದ್ದು ನೇಗಿಲು. ನೇಗಿಲು ಮಣ್ಣಿನಲ್ಲಿರುವಾಗ ಕೆಳಗಿನ ಎರಡು ಆರ್ಮ್‌ಗಳು ಅದನ್ನು ಎಳೆಯುತ್ತವೆ, ಮೇಲಿನ ಟಾಪ್ ಲಿಂಕ್ ಒತ್ತಿಸಿಕೊಳ್ಳುತ್ತದೆ. ರೋಟವೇಟರ್ ಹಾಗಲ್ಲ. ಅದರ ಬ್ಲೇಡು ಚಕ್ರ ತಿರುಗುವ ದಿಕ್ಕಿನಲ್ಲೇ ತಿರುಗುವುದರಿಂದ ಅದು ಟ್ರ್ಯಾಕ್ಟರನ್ನು ಮುಂದಕ್ಕೆ ತಳ್ಳುತ್ತದೆ. ಆಗ ಕೆಳಗಿನ ಆರ್ಮ್‌ಗಳ ಮೇಲೆ ಒತ್ತಡ ಬೀಳುತ್ತದೆ. ತೆಂಗಿನ ಗರಿಯ ಕಡ್ಡಿಯನ್ನು ಎರಡು ತುದಿ ಹಿಡಿದು ಎಳೆದು ನೋಡಿ, ಸುಲಭಕ್ಕೆ ತುಂಡಾಗುವುದಿಲ್ಲ. ಅದನ್ನೇ ಎರಡು ಕಡೆಯಿಂದ ಒತ್ತಿದರೆ ತಟ್ಟನೆ ಬಾಗುತ್ತದೆ. ಆರ್ಮಿಗೂ ಹಾಗೇ. ಒತ್ತಡದ ಜೊತೆ ಸ್ವಲ್ಪ ಅಡ್ಡ ಬಲವೂ ಸೇರಿದರೆ ಮುಗಿಯಿತು.

ಏನು ಮಾಡಿದೆವು

ದಪ್ಪ ಆರ್ಮನ್ನು ಕಳಚಿ ಬದಿಗಿಟ್ಟೆವು. ಯಜಮಾನರಿಗೆ ಇದು ಒಪ್ಪಿಗೆಯಾಗಲಿಲ್ಲ. "ದುಡ್ಡು ಕೊಟ್ಟು ಮಾಡಿಸಿದ್ದು, ಗಟ್ಟಿಯಾಗೂ ಇದೆ, ತೆಗೆದುಹಾಕಿ ಅಂತೀರಲ್ಲ" ಎಂದರು. ಅವರ ಸಂಕಟ ಅರ್ಥವಾಗುವಂಥದ್ದೇ. ಆದರೆ ಆರ್ಮ್ ಎಷ್ಟು ಗಟ್ಟಿಯೋ ಅಷ್ಟು ಪೆಟ್ಟು ಹೌಸಿಂಗಿಗೆ ಹೋಗುತ್ತದೆ. ಎಲ್ಲಾದರೂ ಏನಾದರೂ ಸೋಲಲೇಬೇಕು ಎಂದಾದರೆ, ಕಡಿಮೆ ಬೆಲೆಯದು ಮೊದಲು ಸೋಲಲಿ. ಮೊದಲು ಶಿಯರ್ ಬೋಲ್ಟ್, ಆಮೇಲೆ ಚೈನ್, ಆಮೇಲೆ ಆರ್ಮ್. ಹೌಸಿಂಗ್ ಯಾವತ್ತೂ ಸೋಲಬಾರದು. ಈ ಸಾಲು ತಲೆಕೆಳಗಾಗಿದ್ದನ್ನು ಕೈಯಲ್ಲಿ ಮುಟ್ಟಿಸಿ ತೋರಿಸಿದ ಮೇಲೆ ಅವರು ಒಪ್ಪಿದರು.

ಎಡಕ್ಕೆ ಕಂಪನಿಯ ಹೊಸ ಆರ್ಮ್ ತರಿಸಿದೆವು. ಒಮ್ಮೆ ಕಾಯಿಸಿ ಬಡಿದ ಆರ್ಮನ್ನು ಮತ್ತೆ ಬಳಸುವ ಪ್ರಶ್ನೆಯೇ ಇರಲಿಲ್ಲ. ಬಲಗಡೆಯದನ್ನೂ ನೂಲು ಹಿಡಿದು ನೋಡಿದಾಗ ಸಣ್ಣ ಬಾಗು ಕಂಡಿತು. ಅದನ್ನು ಬದಲಿಸಬೇಕೋ ನೇರ ಮಾಡಬೇಕೋ ಎಂದು ನೋಡುವ ಮೊದಲು ಬಿರುಕು ಇದೆಯೇ ಎಂದು ಪರೀಕ್ಷೆ ಮಾಡಿದೆವು. ಇದಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ಬಣ್ಣ, ಗ್ರೀಸು ತೆಗೆದು ಆರ್ಮಿಗೆ ಸೀಮೆಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಡಬೇಕು. ಆಮೇಲೆ ಚೆನ್ನಾಗಿ ಒರೆಸಿ ಸೀಮೆಸುಣ್ಣದ ಪುಡಿ ಹಚ್ಚಬೇಕು. ಬಿರುಕಿದ್ದರೆ ಒಳಗೆ ಇಳಿದ ಎಣ್ಣೆ ಪುಡಿಯ ಮೇಲೆ ಗೆರೆಯಾಗಿ ಒಸರುತ್ತದೆ. ಬಲಗಡೆಯದರಲ್ಲಿ ಏನೂ ಕಾಣಲಿಲ್ಲ. ಬಾಗು ಲಿಫ್ಟ್ ರಾಡ್ ತೂತಿನಿಂದಲೂ ಬಾಲಿನಿಂದಲೂ ದೂರ ಇತ್ತು. ಎರಡು ಬಾಲ್‌ಗಳೂ ಸರಾಗವಾಗಿ ತಿರುಗುತ್ತಿದ್ದವು. ಹಾಗಾಗಿ ಕಾಯಿಸದೆ, ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ನಿಧಾನವಾಗಿ ಒತ್ತಿ ನೇರ ಮಾಡಿದೆವು. ಉಕ್ಕು ಸ್ವಲ್ಪ ಹಿಂದಕ್ಕೆ ಮರಳುವುದರಿಂದ ನೇರಕ್ಕಿಂತ ತುಸು ಆಚೆ ಒತ್ತಿ ಬಿಡಬೇಕು. ನೇರವಾದ ಮೇಲೆ ಸೀಮೆಎಣ್ಣೆ ಪರೀಕ್ಷೆ ಮತ್ತೊಮ್ಮೆ ಮಾಡಿದೆವು. ಎಡ, ಬಲ ಎರಡೂ ಆರ್ಮ್ ಬಾಲ್ ನಡುವಿನಿಂದ ಬಾಲ್ ನಡುವಿಗೆ ಒಂದೇ ಉದ್ದ ಇದೆಯೇ ಎಂದು ಅಳೆದೆವು. ಉದ್ದ ವ್ಯತ್ಯಾಸವಾದರೆ ರೋಟವೇಟರ್ ಓರೆಯಾಗಿ ನಿಂತು ಒಂದು ಆರ್ಮಿಗೇ ಭಾರ ಬೀಳುತ್ತದೆ.

ಹೌಸಿಂಗ್ ತೂತಿಗೆ ಹೊಸ ಮರೆ ಕೊಡುವ ಥ್ರೆಡ್ ಇನ್ಸರ್ಟ್ ಕೂರಿಸಿ, ಮೊದಲಿದ್ದ ಅಳತೆಯ, ಮೊದಲಿದ್ದ ಗ್ರೇಡಿನ ಬೋಲ್ಟ್ ಹಾಕಿದೆವು. ಹಿಂದಿನ ರಿಪೇರಿಯಲ್ಲಿ ಹಾಕಿದ್ದ ಬೋಲ್ಟ್ ತಲೆಯ ಮೇಲೆ ಯಾವ ಅಂಕಿಯೂ ಇರಲಿಲ್ಲ. ಇಂಥ ಜಾಗಕ್ಕೆ ಗ್ರೇಡ್ ಗೊತ್ತಿಲ್ಲದ ಬೋಲ್ಟ್ ಹಾಕಲೇಬಾರದು.

ಚೈನಿನಿಂದ ಡಿ ಶಾಕಲ್ ತೆಗೆದು, ರೋಟವೇಟರನ್ನು ಕೆಳಗಿನಿಂದ ಮೇಲಿನವರೆಗೆ ನಿಧಾನವಾಗಿ ಎತ್ತಿಸಿ, ಚೈನ್ ಎಲ್ಲಿ ಹೆಚ್ಚು ಬಿಗಿಯುತ್ತದೋ ಅಲ್ಲಿ ನಿಲ್ಲಿಸಿ ಹೊಂದಿಸಿದೆವು. ಆ ಜಾಗದಲ್ಲಿ ಒಂದಿಷ್ಟೇ ಸಡಿಲ ಇರಬೇಕು. ಕೆಳಗಿಳಿಸಿದಾಗ ಇನ್ನೂ ಸ್ವಲ್ಪ ಸಡಿಲವಾಗುತ್ತದೆ, ಅಷ್ಟು ಸಾಕು. ಎಷ್ಟೇ ಆಡಿದರೂ ಆರ್ಮ್ ಟೈರಿಗೆ ತಾಗಬಾರದು, ಅದೇ ಪರೀಕ್ಷೆ. ಪಿಟಿಒ ತಿರುಗುತ್ತಿದ್ದರೂ ಶಾಫ್ಟ್ ಬಡಿಯದ ಎತ್ತರ ಹುಡುಕಿ, ಹೈಡ್ರಾಲಿಕ್ ಲಿವರ್ ಅಲ್ಲಿಗೆ ನಿಲ್ಲುವಂತೆ ಸ್ಟಾಪರ್ ಬಿಗಿದೆವು. ಆ ಎತ್ತರದಲ್ಲಿ ಬ್ಲೇಡು ಮಣ್ಣಿನಿಂದ ಒಂದು ಗೇಣು ಮೇಲಿರುತ್ತಿತ್ತು. ಸಾಲಿನ ತುದಿಯಲ್ಲಿ ತಿರುಗಲು ಅಷ್ಟು ಸಾಲುತ್ತದೆ. ತೋಟದಿಂದ ಹೊರಗೆ ಹೋಗುವಾಗ ಪಿಟಿಒ ಆಫ್ ಮಾಡಿ ಪೂರ್ತಿ ಎತ್ತುವುದು.

ಎಲ್ಲಕ್ಕಿಂತ ಜಾಸ್ತಿ ಉಪಯೋಗವಾದದ್ದು ಮಾತ್ರ ಒಂದು ರೂಪಾಯಿಯೂ ಖರ್ಚಿಲ್ಲದ ಬದಲಾವಣೆ. ಸಾಲಿನಿಂದ ಪಕ್ಕದ ಸಾಲಿಗೇ ತಿರುಗುವ ಬದಲು ಒಂದು ಸಾಲು ಬಿಟ್ಟು ಮುಂದಿನದಕ್ಕೆ ಹೋಗಲು ಹೇಳಿದೆವು. 9 ಅಡಿಯಲ್ಲಿ ತಿರುಗಬೇಕಿದ್ದ ಕಡೆ 18 ಅಡಿ ಸಿಕ್ಕಿತು. ಬಿಟ್ಟ ಸಾಲುಗಳನ್ನು ವಾಪಸ್ ಬರುವಾಗ ಮಾಡುವುದು. ಆಗ ಪೂರ್ವದ ತುದಿಯ ತಿರುವು ಬಲಕ್ಕೆ ಬರುತ್ತದೆ, ಎರಡು ಆರ್ಮ್‌ಗಳಿಗೂ ಕೆಲಸ ಹಂಚಿಹೋಗುತ್ತದೆ. ಒಂದು ಕಡೆಯ ಬ್ರೇಕ್ ಒತ್ತುವ ಅಗತ್ಯವೇ ಬೀಳಲಿಲ್ಲ. ಪೂರ್ವದ ಬಾಳೆ ಸಾಲನ್ನು ಆ ಗೊನೆ ಕಡಿದ ಮೇಲೆ ತೆಗೆಯುವುದಾಗಿ ಯಜಮಾನರೇ ಹೇಳಿದರು.

ಆಮೇಲೆ ಆದದ್ದು

ಮೊದಲ ವಾರದಲ್ಲೇ ಫೋನ್ ಬಂತು. ಗಟ್ಟಿ ಬೋಲ್ಟ್ ತೆಗೆದು ನಾವು ಹಾಕಿದ್ದ ಶಿಯರ್ ಬೋಲ್ಟ್ ತುಂಡಾಗಿತ್ತು. ಯಜಮಾನರ ದನಿಯಲ್ಲಿ ಸಿಟ್ಟಿತ್ತು: "ನೋಡಿ, ಗಟ್ಟಿ ಬೋಲ್ಟ್ ಇದ್ದಾಗ ಹೀಗೆ ಆಗ್ತಿರಲಿಲ್ಲ." ಎಲ್ಲಿ ತುಂಡಾಯಿತು ಎಂದು ಕೇಳಿದರೆ, ಹಳೇ ತೆಂಗಿನ ಬುಡದ ಮೇಲೆ. ಅದೇ ಜಾಗದಲ್ಲಿ ಮೊದಲು ಆರ್ಮಿಗೆ ಪೆಟ್ಟು ಬೀಳುತ್ತಿತ್ತು ಎಂದು ವಿವರಿಸಿದೆ. ಮುಂದೆ ಇನ್ನೊಂದು ಬೋಲ್ಟ್ ಹೋದಾಗ ಅವರು ಫೋನ್ ಮಾಡಲಿಲ್ಲ. ಡ್ರೈವರ್ ಸೀಟಿನ ಕೆಳಗೆ ಬೋಲ್ಟ್‌ಗಳ ಡಬ್ಬಿ ಇಟ್ಟುಕೊಂಡು ತಾನೇ ಬದಲಿಸಿದ. ಸಿಕ್ಕ ಬುಡಗಳ ಪಕ್ಕ ಗೂಟ ನೆಟ್ಟು, ಬೇಸಿಗೆಯಲ್ಲಿ ಜೆಸಿಬಿ ಬಂದಾಗ ಕೀಳಿಸಿದರು.

ಆ ಬುಡಗಳನ್ನು ಕೀಳಿಸುವ ಮೊದಲು ಒಂದು ದಿನ ಯಜಮಾನರ ತಮ್ಮ ಒಂದು ಬುಡಕ್ಕೆ ಸರಪಳಿ ಕಟ್ಟಿ, ಇನ್ನೊಂದು ತುದಿಯನ್ನು ಎಡ ಆರ್ಮಿಗೆ ಸಿಕ್ಕಿಸಿ ಎಳೆಯಲು ಹೊರಟಿದ್ದರಂತೆ. ಡ್ರೈವರೇ ತಡೆದ. ಒಂದು ಆರ್ಮಿನಿಂದ ಏನನ್ನೂ ಎಳೆಯಬಾರದು, ಎಳೆಯುವುದಿದ್ದರೆ ಅದಕ್ಕೆಂದೇ ಹಿಂದೆ ಕೆಳಗಿರುವ ಡ್ರಾಬಾರಿನಿಂದಲೇ ಎಳೆಯಬೇಕು. ಆರ್ಮ್ ಬಾಗುವುದು ಇದರಲ್ಲಿ ಸಣ್ಣ ನಷ್ಟ. ಎತ್ತರದಿಂದ ಎಳೆದರೆ ಟ್ರ್ಯಾಕ್ಟರಿನ ಮೂತಿ ಮೇಲೆದ್ದು ಹಿಂದಕ್ಕೆ ಮಗುಚಿ ಜೀವಕ್ಕೇ ಅಪಾಯ. ಸಣ್ಣ ಟ್ರ್ಯಾಕ್ಟರ್ ಎಂದು ಸದರ ಮಾಡುವ ಎಲ್ಲರೂ ಇದನ್ನು ನೆನಪಿಡಬೇಕು.

ಒಂದು ಮುಂಗಾರು, ಒಂದು ಬೇಸಿಗೆ ಕಳೆದ ಮೇಲೆ ಗಾಡಿ ಸರ್ವಿಸಿಗೆ ಬಂದಾಗ ಮತ್ತೆ ನೂಲು ಹಿಡಿದೆವು. ಎರಡೂ ಆರ್ಮ್ ನೇರವಾಗಿದ್ದವು. ಬ್ರಾಕೆಟ್ ಬೋಲ್ಟ್ ಬಿಗಿಯಾಗೇ ಇದ್ದವು. ಎಡ ಚೈನಿನ ಒಂದು ಕೊಂಡಿ ಸವೆದು ಬಾಯಿ ಬಿಟ್ಟಿತ್ತು, ಬದಲಿಸಿದೆವು. ಟೈರಿನ ಮೇಲೆ ಹೊಸ ಗೆರೆ ಇರಲಿಲ್ಲ.

ಆಗ ಯಜಮಾನರ ಜೊತೆ ಬೇರೆ ಮಾತೂ ಬಂತು. ಬೆಳೆದ ಅಡಿಕೆ ತೋಟಕ್ಕೆ ವರ್ಷಕ್ಕೆ ಇಷ್ಟು ಸಲ ರೋಟವೇಟರ್ ಬೇಕೇ ಎಂದು. ಅಡಿಕೆಯ ಆಹಾರ ಹೀರುವ ಬೇರು ಬಹುಪಾಲು ಮೇಲ್ಮಣ್ಣಿನಲ್ಲೇ ಹರಡಿರುತ್ತದೆ, ಬ್ಲೇಡು ಅದನ್ನೇ ಕತ್ತರಿಸುತ್ತದೆ. ನನ್ನ ಮಟ್ಟಿಗೆ ಕಳೆಯನ್ನು ಕತ್ತರಿಸಿ ಅಲ್ಲೇ ಮುಚ್ಚಿಗೆಯಾಗಿ ಬಿಡುವುದು ಗಿಡಕ್ಕೂ ಒಳ್ಳೆಯದು, ಟ್ರ್ಯಾಕ್ಟರಿಗೂ ಒಳ್ಳೆಯದು. ಅವರು ತೋಟದ ಅರ್ಧ ಭಾಗದಲ್ಲಿ ರೋಟವೇಟರ್ ನಿಲ್ಲಿಸಿ ಕಳೆ ಕತ್ತರಿಸುವ ಯಂತ್ರ ಓಡಿಸುತ್ತಿದ್ದಾರೆ. ಇಳುವರಿಯಲ್ಲಿ ವ್ಯತ್ಯಾಸ ಬರುತ್ತದೆಯೇ ಎಂದು ಎರಡು ಭಾಗದ ಕೊಯ್ಲನ್ನೂ ಬೇರೆ ಬೇರೆ ತೂಗಿಸಿ ಬರೆದಿಡುತ್ತಿದ್ದಾರೆ.